ಗದ್ದಲದ ಕ್ಯಾಸೆಟ್

ಶನಿವಾರದೊಳಗೆ ಒಂದು ತೀರ್ಮಾನ ಆಗಬೇಕಿತ್ತು. ಗದಗಿನಲ್ಲಿ ಕಿವಿ ಪರೀಕ್ಷೆ ಮಾಡುವ ಹೆಣ್ಣುಮಗಳು ಅಣ್ಣನ ಎರಡೂ ಕಿವಿಗೆ ಮಷಿನ್ ಸಿಕ್ಕಿಸಿ, "ಒಂದು ವಾರ ಹಾಕ್ಕೊಂಡು ನೋಡ್ರಿ. ಒಗ್ಗಲಿಲ್ಲಂದ್ರ ಶನಿವಾರ ತಂದು ಕೊಡ್ರಿ" ಎಂದು ಕಳಿಸಿದ್ದಳು. ಗುರುವಾರ ಮಧ್ಯಾಹ್ನ ನಾನು ಲಕ್ಷ್ಮೇಶ್ವರದಲ್ಲಿ ಬಸ್ ಇಳಿದು ಮನೆಗೆ ಹೋದಾಗ ಮಷಿನ್ ಎರಡೂ ಡಬ್ಬಿಯಲ್ಲಿದ್ದವು, ಡಬ್ಬಿ ಟಿವಿಯ ಪಕ್ಕದಲ್ಲಿತ್ತು. ಅಣ್ಣ ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಮಾಡಿ ಕುಳಿತಿದ್ದ.

"ನೀವ ಹೇಳ್ರಿ ನಿಮ್ಮ ಅಣ್ಣಗ" ಎಂದರು ಅಣ್ಣನ ಹೆಂಡತಿ, ನಮ್ಮ ವೈನಿ. "ನನ್ನ ಮಾತು ಕಿವಿಗೂ ಹೋಗೂದಿಲ್ಲ, ತಲಿಗೂ ಹೋಗೂದಿಲ್ಲ. ಮೊನ್ನಿ ಹಾಕ್ಕೊಂಡು ಅಡಗಿಮನಿಗೆ ಬಂದ್ರು. ಕುಕ್ಕರ್ ಸೀಟಿ ಹೊಡೀತು ನೋಡ್ರಿ, ಕಿತ್ತು ಒಗದ್ರು."

ನನಗೆ ದಣಿವಾಗಿತ್ತು. ಆ ತಿಂಗಳಲ್ಲಿ ಗದಗಿನಿಂದ ಅದು ನನ್ನ ಮೂರನೆಯ ಓಡಾಟ. ಕಾಲೇಜಿನಲ್ಲಿ ಇಷ್ಟು ವರ್ಷ ಕೇಳದವರಿಗೆ ಪಾಠ ಹೇಳಿದ್ದೇನೆ. ನಿವೃತ್ತಿಯಾದ ಮೇಲೂ ಅದೇ ಕೆಲಸವೇ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಆ ಮಾತಿನಲ್ಲಿ ಇದ್ದದ್ದು ಅಣ್ಣನ ಬಗ್ಗೆ ಮರುಕವೋ ನನ್ನ ಬಗ್ಗೆಯೋ, ಈಗ ಖಚಿತವಾಗಿ ಹೇಳಲಾರೆ.

ಅಣ್ಣನದು ಮೈಕ್ ಸೆಟ್. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮದುವೆ, ಸಭೆ, ಪುರಾಣ ಏನೇ ಇರಲಿ, ಗಿಡಕ್ಕೆ ಹಾರ್ನ್ ಕಟ್ಟಿ ಅದರ ಕೆಳಗೇ ಆಂಪ್ಲಿಫೈಯರ್ ಇಟ್ಟುಕೊಂಡು ಕೂತವನು ಅವನು. ನಲವತ್ತು ವರ್ಷ ಆ ಹಾರ್ನಿನ ಕೆಳಗೇ ಉಂಡಿದ್ದಾನೆ, ಮಲಗಿದ್ದಾನೆ. ಕಿವಿ ಹೋದದ್ದು ಒಂದೇ ದಿನ ಅಲ್ಲ. ಮೊದಲು ಫೋನಿನಲ್ಲಿ ಮಾತಾಡುವುದು ಬಿಟ್ಟ. ಆಮೇಲೆ ಯಾರು ಏನು ಕೇಳಿದರೂ "ಹೂಂ" ಅನ್ನತೊಡಗಿದ. "ಉಂಡಿ ಏನು?" ಅಂದರೂ ಹೂಂ, "ಯಾವಾಗ ಬಂದಿ?" ಅಂದರೂ ಹೂಂ. ಈಗ ಎರಡು ವರ್ಷದಿಂದ ಆ ಹೂಂ ಕೂಡ ಕಡಿಮೆಯಾಗಿತ್ತು. "ಹಿಂಗ ಕುಂತ್ರ ಮಾತೇ ಬಿಡ್ತಾರ್ರಿ" ಎಂದು ವೈನಿ ಹೇಳಿದ್ದು ಬಾಯಿಮಾತಿಗಲ್ಲ. ಮಷಿನ್ ಶನಿವಾರ ವಾಪಸ್ ಹೋದರೆ ಇನ್ನೊಂದು ಸಲ ಅವನನ್ನು ಗದಗಿಗೆ ಕರೆದೊಯ್ಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಅಂದು ನನಗೆ ನೆನಪಾದದ್ದು ಆ ಕ್ಯಾಸೆಟ್.

ಧಾರವಾಡದಲ್ಲಿ ಎಂ.ಎ. ಓದುವಾಗ ತಳ್ಳುಗಾಡಿಯೊಂದರಲ್ಲಿ ಕೊಂಡದ್ದು. ಇಂಗ್ಲಿಷ್ ರಾಕ್ ತಂಡವೊಂದು ದೊಡ್ಡ ಕ್ರೀಡಾಂಗಣದಲ್ಲಿ, ಲೆಕ್ಕವಿಲ್ಲದ ಜನರ ಮುಂದೆ ನುಡಿಸಿದ್ದನ್ನು ಅಲ್ಲೇ ಹಿಡಿದಿಟ್ಟ ಆಲ್ಬಮ್. ಅಸಲಿ ಅಲ್ಲ, ಯಾರೋ ನಕಲು ಮಾಡಿದ್ದು. ಉದ್ದನೆಯ ಸಂಗೀತ ಕಛೇರಿಯನ್ನು ಅರುವತ್ತು ನಿಮಿಷದ ಟೇಪಿಗೆ ತುರುಕಿದ್ದರು. ನಾನು ಕೊಂಡದ್ದು ಗಿಟಾರಿಗಾಗಿ. ರಜೆಗೆ ಬಂದಾಗ ಅಣ್ಣ ಒಮ್ಮೆ ಕೇಳಿ, "ಹಾಡು ಹಾಳಾಗಿ ಹೋಗ್ಲಿ, ಮಂದಿ ಗದ್ದಲ ಭಾರಿ ಐತಿ ಇದರಾಗ" ಎಂದು ತನ್ನ ಪೆಟ್ಟಿಗೆಗೆ ಹಾಕಿಕೊಂಡ. ಆ ತಂಡದ ಹೆಸರನ್ನು ಅವನು ಒಂದು ದಿನವೂ ಕೇಳಲಿಲ್ಲ. ಅವನಿಗೆ ಅದು ಗದ್ದಲದ ಕ್ಯಾಸೆಟ್.

ನಮ್ಮ ಕಡೆ ಸಭೆಗೆ ಯಾರೂ ಮೊದಲು ಹೋಗುವುದಿಲ್ಲ. ಜನ ಕೂಡಿದ ಮೇಲೆ ಹೋದರಾಯಿತು ಎಂದು ಎಲ್ಲರೂ ಮನೆಯಲ್ಲೇ ಕೂರುತ್ತಾರೆ. ಬೆಳ್ಳಟ್ಟಿಯಲ್ಲಿ ಒಮ್ಮೆ ಹೀಗೇ ಆಯಿತಂತೆ. ಹತ್ತು ಗಂಟೆಯ ಸಭೆ ಹನ್ನೆರಡಾದರೂ ಶುರುವಾಗಿರಲಿಲ್ಲ. ಸಭೆ ಕರೆದ ಗೌಡರು ಖಾಲಿ ಜಮಖಾನೆಯ ಮೇಲೆ ಅತ್ತಿತ್ತ ಓಡಾಡುತ್ತ, "ಏನರ ಹಾಕೋ ಮಾರಾಯಾ, ನಾಯೀನೂ ಬರವಲ್ದು" ಎಂದರು. ಅಣ್ಣ ಗದ್ದಲದ ಕ್ಯಾಸೆಟ್ ಹಾಕಿ ಪೂರಾ ಎತ್ತಿದ. ಯಾವುದೋ ದೇಶದ ಕ್ರೀಡಾಂಗಣದ ಜನ ಬೆಳ್ಳಟ್ಟಿಯ ಹೊಲಗಳ ಮೇಲೆ ಕೂಗಿದರು, ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಹಾಡು ಶುರುವಾಗುವ ಕ್ಷಣಕ್ಕೆ ಅಣ್ಣ ತನಗಷ್ಟೇ ಕೇಳುವಷ್ಟು ದನಿ ಇಳಿಸಿಬಿಟ್ಟ, ಇಂಗ್ಲಿಷ್ ಕೇಳಿದರೆ ಗುಟ್ಟು ಬಯಲಾಗುತ್ತದಲ್ಲ. ಇನ್ನೊಮ್ಮೆ ಗದ್ದಲ ಬಂದಾಗ ಮತ್ತೆ ಎತ್ತಿದ. ಕಾಲು ತಾಸಿನಲ್ಲಿ ಜನ ದೌಡಾಯಿಸಿ ಬಂದರು.

"ಎಲ್ಲೈತ್ರೀ ಮಂದಿ? ಅಷ್ಟು ಒದರಾಕತ್ತಿತ್ತು?" ಎಂದು ಮೊದಲು ಬಂದವನು ಕೇಳಿದನಂತೆ.

"ನೀವ ಮಂದಿ. ಕುಂಡ್ರಿ" ಎಂದನಂತೆ ಅಣ್ಣ.

ಅಂದಿನಿಂದ ಅದು ಅವನ ಪದ್ಧತಿಯೇ ಆಯಿತು. ಹರ್ತಿ, ಕೊರ್ಲಹಳ್ಳಿ, ಎಲ್ಲಿ ಜನ ತಡಮಾಡಿದರೂ ಗದ್ದಲ ಎತ್ತುವುದು, ಹಾಡು ಬಂದಾಗ ಇಳಿಸುವುದು.

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಬೇವಿನ ಗಿಡದ ಕೆಳಗೆ ಅಣ್ಣನ ಪಕ್ಕದಲ್ಲೇ ಕೂತಿದ್ದವನ ಹಾಗೆ. ಹೋದ ವರ್ಷ ಹಳೆಯ ದಿನಚರಿಗಳನ್ನು ತೆಗೆದು ನೋಡಿದಾಗ, ಆ ಇಡೀ ವಾರ ನಾನು ಧಾರವಾಡದ ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ್ದೆ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಬೇವಿನ ಗಿಡ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ನೆನಪಿನ ಮೇಲೆ ನನಗೆ ಆಗಿನಿಂದ ಗುಮಾನಿ. ಬೇರೆಯವರ ನೆನಪಿನ ಮೇಲೂ.

ಕ್ಯಾಸೆಟ್ ಎಂದೋ ಸುರುಳಿ ಬಿಚ್ಚಿ ಹಾಳಾಗಿತ್ತು. ಆದರೆ ಆ ಆಲ್ಬಮ್ ಈಗ ಫೋನಿನಲ್ಲಿ ಸಿಗುತ್ತದೆ. ಅಣ್ಣನನ್ನು ಒಳಗೆ ಕರೆದು ಕೂರಿಸಿ, ಕೈಸನ್ನೆಯಲ್ಲಿ ಬೇಡಿಕೊಂಡು ಮಷಿನ್ ಹಾಕಿಸಿದೆ. ಫೋನನ್ನು ಅವನ ಹಿಂದಿನ ಗೋಡೆಯ ಗೂಡಿನಲ್ಲಿಟ್ಟು ಆಲ್ಬಮ್ ಹಾಕಿದೆ.

ಜನ ಕೂಗಿದರು. ಅಣ್ಣ ಮುಖ ಕಿವಿಚಿದ. ಆಮೇಲೆ ಮುಖ ಸಡಿಲವಾಯಿತು. ಮೊಣಕಾಲ ಮೇಲಿದ್ದ ಅವನ ಬಲಗೈ, ಹಾಡು ಶುರುವಾಗುವ ಕ್ಷಣಕ್ಕೆ ಸರಿಯಾಗಿ, ಇಲ್ಲದ ಗುಂಡಿಯೊಂದನ್ನು ಎಡಕ್ಕೆ ತಿರುವಿತು.

"ಕೇಳಸ್ತು! ಖರೇನ ಕೇಳಸ್ತು ನೋಡ್ರಿ!" ವೈನಿ ಸೆರಗು ಬಾಯಿಗೊತ್ತಿಕೊಂಡರು.

ನನಗೆ ಅಷ್ಟು ಖುಷಿಯಾಗಲಿಲ್ಲ. ಗದ್ದಲ ಅರೆಕಿವುಡರಿಗೂ ಕೇಳುತ್ತದೆ. ಅಷ್ಟು ಕೇಳಿದರೆ ಸಾಕು, ಉಳಿದದ್ದನ್ನು ಕೈಯೇ ಮಾಡಿಕೊಳ್ಳುತ್ತದೆ, ಸಾವಿರ ಸಲ ತಿರುವಿದ ಕೈ. ಅವನು ಕೇಳುತ್ತಿದ್ದಾನೋ ನೆನಪು ಮಾಡಿಕೊಳ್ಳುತ್ತಿದ್ದಾನೋ?

"ಹಾಡು ಕೇಳಸ್ತತೇನಣ್ಣಾ?"

"ಹೂಂ."

ಅದೇ ಹೂಂ. ಇದರಿಂದ ಏನು ತಿಳಿದಂತಾಯಿತು? ಎರಡನೆಯ ಹಾಡಿಗೂ ಕೈ ತಿರುಗಿತು, ಮೂರನೆಯದಕ್ಕೂ ತಿರುಗಿತು. ವೈನಿ ಚಹಾ ಮಾಡಿ ತಂದರು. ನಾನು ಗೋಡೆಗೆ ಒರಗಿ, ಶನಿವಾರ ಬೆಳಿಗ್ಗೆ ಡಬ್ಬಿ ಹಿಡಿದು ಒಬ್ಬನೇ ಆ ಹೆಣ್ಣುಮಗಳ ಮುಂದೆ ನಿಂತು ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಸ್ವಲ್ಪ ಕಣ್ಣು ಹತ್ತಿರಲೂ ಬಹುದು.

ಅರ್ಧ ತಾಸಾಗಿರಬೇಕು. ಉದ್ದನೆಯ ಹಾಡೊಂದರಲ್ಲಿ ಗಿಟಾರ್ ಒಂದೇ ಮೇಲೇರುತ್ತಿತ್ತು. ಅಣ್ಣ ಕಪ್ಪು ಕೆಳಗಿಟ್ಟು ಎದ್ದ. ಎರಡು ಹೆಜ್ಜೆ ಇಟ್ಟು, ಏನನ್ನೋ ಒತ್ತಲು ಹೋದವನಂತೆ ಬೆರಳು ಮುಂದೆ ಚಾಚಿ, ಹಾಗೇ ನಿಂತುಬಿಟ್ಟ. ತಿರುಗಿ ಗೂಡಿನತ್ತ ನೋಡಿದ.

"ಏ ತಮ್ಮಾ. ಇನ್ನ ಬಾರಸಾಕತ್ತಾನಲ್ಲೋ ಅಂವ?"

ನನಗೆ ತಕ್ಷಣ ತಿಳಿಯಲಿಲ್ಲ.

"ಇಲ್ಲೇ ಕಟಕ್ ಅಂತಿತ್ತಲ್ಲಲೇ! ಇಲ್ಲಿಗೆ ಒಂದು ಬಾಜೂ ಮುಗೀತಿತ್ತು, ನಾ ಹೊರಳಿಸಿ ಹಾಕ್ತಿದ್ದೆ. ಇದು ನಾ ಕೇಳೇ ಇಲ್ಲ. ಇನ್ನೂ ಮ್ಯಾಲ ಹೊಂಟಾನ ನೋಡು."

ಆಗ ನೆನಪಾಯಿತು. ನಕಲು ಮಾಡಿದವನು ಜಾಗ ಸಾಲದೆ ಆ ಹಾಡನ್ನು ನಡುವೆಯೇ ಕಡಿದಿದ್ದ. ಕ್ಯಾಸೆಟ್ ಕೊಂಡ ನಾನು ಅದನ್ನು ಮರೆತಿದ್ದೆ. ಅವನ ಕಾಲು, ಬೆರಳು ಮರೆತಿರಲಿಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಅವನ ಬಳಿ ನೆನಪೇ ಇರಲಿಲ್ಲ. ಅಲ್ಲಿಂದ ಮುಂದಿನದೆಲ್ಲ ಕಿವಿಗೆ ಬಿದ್ದದ್ದು ಮಾತ್ರ.

ಅವನು ನಿಂತೇ ಕೇಳಿದ. ಗಿಟಾರ್ ಇಳಿಯಿತು, ಹಾಡುಗಾರ ಮತ್ತೆ ಬಂದ, ಜನ ಕೂಗಿದರು. ಕೈ ಈ ಸಲ ಯಾವ ಗುಂಡಿಯನ್ನೂ ತಿರುವಲಿಲ್ಲ.

"ಇಷ್ಟು ವರ್ಷ ಊರೂರಾಗ ಕುಂತು ಅರ್ಧಾ ಹಾಡು ಕೇಳೇನಲ್ಲೋ" ಎಂದ.

"ಇಂಗ್ಲಿಷ್ ಹಾಡು ಅರ್ಧಾ ಇದ್ರೇನು, ಪೂರಾ ಇದ್ರೇನು, ಇವರಿಗೆ ಏನ ತಿಳೀತಿತ್ತು" ಎಂದರು ವೈನಿ ಅವನ ಬೆನ್ನ ಹಿಂದಿನಿಂದ, ಕಪ್ಪು ಎತ್ತಿಕೊಳ್ಳುತ್ತ. ಅವನಿಗೆ ಹೇಳಿದ್ದಲ್ಲ ಅದು, ರೂಢಿಯಂತೆ ತಮಗೆ ತಾವೇ ಅಂದುಕೊಂಡದ್ದು.

"ನಿನಗ ಕನ್ನಡದಾಗ ಹೇಳಿದ್ದೂ ತಿಳೀವಲ್ದು" ಎಂದ ಅಣ್ಣ, ತಿರುಗದೆಯೇ.

ವೈನಿಯ ಕೈಯಲ್ಲಿ ಕಪ್ಪು ಹಾಗೇ ಉಳಿಯಿತು. ಫೋನಿನಲ್ಲಿ ಮುಂದಿನ ಹಾಡು ಶುರುವಾಗಿತ್ತು.

"ಶನಿವಾರ ಗದಗಿಗೆ ಹೋಗೂಣು" ಎಂದ ಅಣ್ಣ.

ನಾನು ಟಿವಿಯ ಪಕ್ಕದ ಡಬ್ಬಿಯತ್ತ ನೋಡಿದೆ. "ವಾಪಸ್ ಕೊಡಾಕ?"

"ಅಲ್ಲಲೇ. ಇದರಾಗ ಟ್ರೆಬಲ್ ಭಾಳ ಇಟ್ಟಾಳ ಆಕಿ, ಚೂಪು ದನಿ ಕಿವಿಗೆ ಚುಚ್ಚತೈತಿ. ಸೆಟ್ಟಿಂಗ್ ಅನ್ನೂದು ಗೊತ್ತಿಲ್ಲ. ಕಡಿಮಿ ಮಾಡಿ ಕೊಡಬೇ ಅಂತ ಹೇಳಾಕ."

ನಾನು ಚಪ್ಪಲಿ ಮೆಟ್ಟುವಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಣ್ಣನ ಕೈ ಸರಕ್ಕನೆ ಕಿವಿಗೆ ಹೋಯಿತು. ಸೀಟಿ ಮುಗಿಯಿತು. ಕೈ ಏನನ್ನೂ ಕೀಳದೆ ಕೆಳಗಿಳಿಯಿತು.

ಅಂದು ಕಂಡದ್ದನ್ನು ಹಿಂತಿರುಗುವ ಬಸ್ಸಿನಲ್ಲೇ, ಶಿರಹಟ್ಟಿ ಬರುವ ಮೊದಲೇ ಬರೆದಿಟ್ಟೆ, ಮುಂದೆ ಇದಕ್ಕೂ ಒಂದು ಬೇವಿನ ಗಿಡ ಸೇರಿಕೊಳ್ಳಬಾರದೆಂದು. ಆದರೂ, ಅವನು ಮುಟ್ಟಿಕೊಂಡದ್ದು ಎಡಗಿವಿಯೋ ಬಲಗಿವಿಯೋ ಎಂದು ಬರೆಯಲು ಹೋದಾಗ ಅಷ್ಟರಲ್ಲೇ ಮರೆತುಹೋಗಿತ್ತು. ಅದನ್ನು ಬಿಟ್ಟೆ. ಕೈ ಕೆಳಗಿಳಿದದ್ದು ಮಾತ್ರ ಬರೆದಿದ್ದೇನೆ.