ನಳ ಬದಲಾದ ರವಿವಾರ

ಹೋದ ರವಿವಾರ ನಮ್ಮ ಅಡುಗೆಮನೆಯ ನಳ ಬದಲಾಯಿತು. ಒಂದು ವರ್ಷದಿಂದ ನನಗೆ ಹೇಳದೇ ಇದ್ದ ಮಾತನ್ನು ಅತ್ತೆಯವರು ನಳ ಕೂಡಿಸಲು ಬಂದವನಿಗೆ ಎರಡೇ ನಿಮಿಷದಲ್ಲಿ ಹೇಳಿಬಿಟ್ಟರು.

ನಾನು ಪಕ್ಕದಲ್ಲೇ ನಿಂತಿದ್ದೆ.

ಮೊದಲಿನಿಂದ ಹೇಳುತ್ತೇನೆ. ಹುಬ್ಬಳ್ಳಿಯ ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ (ಬಂದರೆ). ಕುಡಿಯುವ ನೀರು ಕೊಡಗಳಲ್ಲಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ಉಳಿದದ್ದಕ್ಕೆಲ್ಲ ಮಾಳಿಗೆ ಮೇಲಿನ ಟಾಕಿಯೇ ಗತಿ. ಅಂಥ ಮನೆಯಲ್ಲಿ ನಳ ಸೋರಿದರೆ ಹೇಗಾಗಬೇಡ? ನಮ್ಮದು ಹಿತ್ತಾಳೆಯ ಹಳೇ ನಳ. ತಿರುಗಿಸಿ ತಿರುಗಿಸಿ ಬಂದ್ ಮಾಡಬೇಕು. ಓಣಿಯಲ್ಲಿ ಎಲ್ಲರ ಮನೆಗೂ ಗ್ರಾನೈಟ್ ಕಟ್ಟೆ ಬಂತು, ಕೇಬಲ್ ಟಿವಿ ಬಂತು. ನಮ್ಮ ನಳ ಮಾತ್ರ ತೊಟ್ಟಿಕ್ಕುತ್ತಲೇ ಇತ್ತು. ವಾಷರ್ ಎಷ್ಟು ಸಲ ಹಾಕಿಸಿದರೂ ಅಷ್ಟೇ.

ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಮುಂಜಾನೆ ಶಾಲೆಗೆ (ನಾನು ಪ್ರೈಮರಿ ಟೀಚರ್) ಹೊರಡುವ ಮೊದಲು ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಅದನ್ನು ಬಿಗಿಯುವುದು. ಒಂದು ಹನಿ ಬೀಳಬಾರದು! ನಮ್ಮ ಮನೆಯವರ ನೌಕರಿ ಗದಗಿನಲ್ಲಿ. ಬೆಳಗಿನ ರೈಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ.

ಅತ್ತೆ ಧಾರವಾಡದ ಹತ್ತಿರದ ಅಮ್ಮಿನಬಾವಿಯವರು. ಎಪ್ಪತ್ತು ದಾಟಿದೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅವರು ಹತ್ತು ಮಂದಿಗೆ ಒಬ್ಬರೇ ರೊಟ್ಟಿ ಬಡಿಯುವುದನ್ನು ನೋಡಿ ಹೆದರಿದ್ದೆ. ಒಂದು ವರ್ಷದ ಹಿಂದೆ ರೊಟ್ಟಿ ಬಡಿಯುವುದನ್ನು ಬಿಟ್ಟರು. "ಹಲ್ಲ ಇಲ್ಲವಾ, ನನಗ ಅನ್ನನ ಸಾಕು" ಎಂದರು. ನಂಬಿದೆ. ಆಮೇಲೆ ತಾವು ಉಂಡ ಗಂಗಾಳ, ಚಹಾ ಕುಡಿದ ಕಪ್ಪು ತೊಳೆಯುವುದನ್ನೂ ಬಿಟ್ಟರು. ಸಂಜೆ ನಾನು ಬರುವಷ್ಟರಲ್ಲಿ ಎಲ್ಲ ನಳದ ಕೆಳಗಿನ ಮೋರಿಯಲ್ಲಿ ಒಣಗಿ ಬಿದ್ದಿರುತ್ತಿತ್ತು.

ನನಗೆ ಏನನಿಸಿರಬೇಕು, ಹೇಳಿ? ಐವತ್ತು ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬಂದವಳಿಗೆ ಅನಿಸಿದ್ದು ಒಂದೇ. ಸೊಸೆ ಬಂದು ತೊಳೆಯಲಿ ಅಂತ ಬಿಟ್ಟಿದ್ದಾರೆ. ವಯಸ್ಸಾದಂತೆ ಅತ್ತೆತನ ಹೆಚ್ಚಾಗಿದೆ.

ಹದಿನೈದು ದಿನದ ಹಿಂದೆ ಒಂದು ಸಂಜೆ ತಡೆಯಲಾಗಲಿಲ್ಲ. "ಅತ್ತೀ, ಒಂದು ಕಪ್ಪು ತೊಳದ್ರ ಕೈ ಸವದ ಹೋಗ್ತಾವೇನ್ರಿ?" ಎಂದುಬಿಟ್ಟೆ.

ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಪಡಸಾಲೆಗೆ ಹೋದರು. ಅದನ್ನೂ ಸೊಕ್ಕು ಎಂದೇ ತಿಳಿದೆ.

ರವಿವಾರ ನಳ ಬದಲಾಯಿಸಿದ್ದು ಅತ್ತೆಗಾಗಿ ಅಲ್ಲ, ನೀರಿಗಾಗಿ. ಎಷ್ಟು ಬಿಗಿದರೂ ನಿಲ್ಲದಾಗಿತ್ತು. ನಳದ ಕೆಲಸದವನು ಹಳೆಯದನ್ನು ಬಿಚ್ಚಲು ಪಾನಾ ಹಾಕಿ ಒದ್ದಾಡಿದ. "ಇಷ್ಟ ಬಿಗಿ ಯಾರ ಮಾಡ್ಯಾರ್ರಿ ಅಕ್ಕಾರ? ನನ್ನ ಕೈಗೂ ಜಗ್ಗವಲ್ದು" ಎಂದ. ನನಗೆ ಒಳಗೊಳಗೇ ಹೆಮ್ಮೆ.

ಹೊಸದನ್ನು ಕೂಡಿಸಿದ. ಉದ್ದ ಕತ್ತು, ಮೇಲೊಂದು ಚಪ್ಪಟೆ ಹಿಡಿಕೆ. ತಿರುಗಿಸುವ ಮಾತೇ ಇಲ್ಲ. ಎತ್ತಿದರೆ ನೀರು, ಒತ್ತಿದರೆ ಬಂದ್.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಒಳಗೆ ಬಂದರು. ಅವನನ್ನೇ ಕೇಳಿದರು: "ತಮ್ಮಾ, ಇದನ್ನೂ ತಿರುವಬೇಕೇನೋ? ತಿರುವೂದಾದ್ರ ನನ್ನ ಕೈಲೆ ಆಗೂದಿಲ್ಲಪಾ. ಆ ಹಳೇದನ್ನ ತಗ್ಯಾಕ ಆಗದ ಮುಸುರಿ ಹಂಗ ಬಿಡ್ತಿದ್ದೆ. ಕುಡಿಯೂ ನೀರಿಲೆ ಹೆಂಗ ತೊಳೀಲಿ?"

"ಎದಕ್ಕ ತಿರುವ್ತೀರಿ ಅಜ್ಜೀ? ಕೈ ಹಿಂಬದೀಲೆ ಎತ್ತಿದ್ರೂ ಸಾಕು, ನೋಡ್ರಿ" ಎಂದ ಅವನು.

ಅತ್ತೆ ಸೆರಗಿನಿಂದ ಕೈ ಹೊರಗೆ ತೆಗೆದರು. ಒಂದೇ ಮನೆಯಲ್ಲಿದ್ದುಕೊಂಡು ಎಷ್ಟು ದಿನಗಳ ಮೇಲೆ ನಾನು ಆ ಕೈಗಳನ್ನು ನೋಡಿದೆನೋ! ಬೆರಳಿನ ಗೆಣ್ಣುಗಳು ಗೋಲಿಗುಂಡಿನಂತೆ ಊದಿದ್ದವು. ಎರಡು ಬೆರಳು ಪೂರ್ತಿ ಒಳಗೆ ಮಡಿಚಿಕೊಂಡಿದ್ದವು. ಮಡಿಚಿದ ಕೈಯ ಹಿಂಭಾಗದಿಂದಲೇ ಹಿಡಿಕೆ ಎತ್ತಿದರು. ನೀರು ಬಂತು. ಒತ್ತಿದರು, ನಿಂತಿತು. ಮತ್ತೆ ಎತ್ತಿದರು. ಮೋರಿಯಲ್ಲಿದ್ದ ಕಪ್ಪನ್ನು ಎರಡು ಅಂಗೈಗಳ ನಡುವೆ ಹಿಡಿದು, ತೊಳೆದು, ಬೋರಲು ಹಾಕಿದರು.

"ಬಂತ ನೋಡ" ಎಂದರು. ನನಗಲ್ಲ, ಅವನಿಗೆ.

ಅವನು ಹೋದ ಮೇಲೆ ಅತ್ತೆಯ ಎದುರು ಕೂತೆ. "ತಪ್ಪಾತ್ರಿ ಅತ್ತೀ. ನನಗ ಯಾಕ ಹೇಳಲಿಲ್ರಿ?" ಎಂದೆ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಕಪ್ಪು ಯಾಕ ತೊಳದಿಲ್ಲ ಅಂತ ಕೇಳಿದಿ. ಕೈ ಹೆಂಗ ಅದಾವ ಅಂತ ಕೇಳಲಿಲ್ಲಲ್ಲವಾ."

ಮರುದಿನ ರಜೆ ಹಾಕಿ ಧಾರವಾಡದ ಡಾಕ್ಟರ ಬಳಿ ಕರೆದೊಯ್ದೆ. ನೋವು ಕಡಿಮೆ ಮಾಡಬಹುದು, ಮಡಿಚಿದ ಬೆರಳು ಇನ್ನು ನೆಟ್ಟಗಾಗುವುದಿಲ್ಲ ಎಂದರು. "ಒಂದು ವರ್ಷ ಮೊದಲ ಬರಬೇಕಿತ್ರಿ" ಎಂದು ಅವರು ಹೇಳಿದ್ದು ನನ್ನ ಮುಖ ನೋಡಿ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಆಕಿಗೆ ಗೊತ್ತಿರಲಿಲ್ರಿ, ಪಾಪ" ಎಂದರು.

ಆ 'ಪಾಪ' ಇನ್ನೂ ಚುಚ್ಚುತ್ತಿದೆ.

ಮೊನ್ನೆ ಶಾಲೆಯಲ್ಲಿ ಊಟದ ಹೊತ್ತಿಗೆ ಜೊತೆಯ ಟೀಚರಿಗೆ ಇದನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು. ಆಮೇಲೆ, "ನಮ್ಮಪ್ಪ ಪೇಪರ್ ಓದೂದ ಬಿಟ್ಟು ಆರ ತಿಂಗಳಾತು. ಬ್ಯಾಸರ ಬಂದದ ಅಂತ ತಿಳಕೊಂಡಿದ್ದೆ" ಎಂದಳು.

ನಿಮ್ಮ ಮನೆಯಲ್ಲಿ ಯಾರು ಏನನ್ನು ಬಿಟ್ಟಿದ್ದಾರೆ?