ಹುಲಿಕೆರೆಯ ನೀರಿಗಿಳಿದ ಹಿಸ್ಟರಿ ಮಿಸ್

ನಮ್ಮ ಹಿಸ್ಟರಿ ಮಿಸ್‌ನ ಹಿಮ್ಮಡಿಗಳು ಒಡೆದು ಸೀಳು ಬಿಟ್ಟಿದ್ದವು. ಆ ಸೀಳುಗಳಲ್ಲಿ ಅರಿಸಿನ ಬೆರೆಸಿದ ಕೊಬ್ಬರಿ ಎಣ್ಣೆ ಹಳದಿಗಟ್ಟಿ ನಿಂತಿರುತ್ತಿತ್ತು. ಕೆಲಸದಲ್ಲಿದ್ದಷ್ಟು ಕಾಲ ಪಾಲಿಶ್ ಮಾಡಿದ ಚಪ್ಪಲಿ ಇಲ್ಲದೆ ಮನೆ ಮೆಟ್ಟಿಲು ಇಳಿಯದಿದ್ದ ಹೆಂಗಸು, ನಿವೃತ್ತಿಯಾದ ಮೇಲೆ ಅರಸೀಕೆರೆಯ ಪೇಟೆಬೀದಿಯಲ್ಲಿ ಬರಿಗಾಲಲ್ಲಿ ತಿರುಗತೊಡಗಿದ್ದರು. ಯಾಕೆ ಎಂದು ಕೇಳಿದರೆ, "ನನ್ನ ಹುಡುಗಿ ಚಪ್ಪಲೀನ ನೀರಲ್ಲೇ ಕಳ್ಕೊಂಡಳು ಕಣೇ. ನಾನು ಹಾಕ್ಕೊಂಡು ಓಡಾಡಿದ್ರೆ ಅವಳ ಕಾಲಿಗೆ ಏನಾಯ್ತು ಅಂತ ಹೆಂಗೆ ಬರೀಲಿ?" ಎನ್ನುತ್ತಿದ್ದರು.

ಅವರ ಹುಡುಗಿ ಎಂದರೆ ಅವರು ಬರೆಯುತ್ತಿದ್ದ ಕಾದಂಬರಿಯ ನಾಯಕಿ. ಅರಸೀಕೆರೆಯ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್. ರಜೆಯ ದಿನ ಹುಲಿಕೆರೆಯ ಕಲ್ಯಾಣಿ ನೋಡಲು ಹೋಗಿ, ಮೆಟ್ಟಿಲ ಮೇಲೆ ಜಾರಿ ನೀರಿಗೆ ಬೀಳುತ್ತಾಳೆ. ಮೇಲೆದ್ದು ನೋಡಿದರೆ ಹೊಯ್ಸಳರ ಕಾಲ. ಅದೇ ಕಲ್ಯಾಣಿ, ಆದರೆ ಕಲ್ಲು ಹೊಸದು, ಉಳಿಯ ಗುರುತುಗಳು ಇನ್ನೂ ಬೆಳ್ಳಗಿವೆ. ಅಲ್ಲಿಂದ ದೋರಸಮುದ್ರಕ್ಕೆ ನಡೆದು ಹೋಗುತ್ತಾಳೆ. ಗುಡಿಗೆ ಕಂಬ ಕಡೆಯುವ ಒಬ್ಬ ಮಿತಭಾಷಿಯ ಪರಿಚಯವಾಗುತ್ತದೆ, ಆಮೇಲೆ ಪ್ರೀತಿ.

ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಮಿಸ್ ನನಗೆ ಪಾಠ ಮಾಡಿದವರು. ಹೊಯ್ಸಳರ ಪಾಠ ಬಂದಾಗ ಪುಸ್ತಕ ಮುಚ್ಚಿಸಿ, ಇಡೀ ತರಗತಿಯನ್ನು ಊರಿನ ಹಳೆಯ ಗುಡಿಗೆ ನಡೆಸಿಕೊಂಡು ಹೋಗಿ, ಒಬ್ಬೊಬ್ಬರನ್ನೂ ಕಂಬಕ್ಕೆ ಕೆನ್ನೆ ಒತ್ತಿ ನಿಲ್ಲಿಸಿದ್ದರು. "ತಣ್ಣಗಿದೆಯಾ? ಕಡೆಯೋವಾಗ ಇದು ಕೈ ಇಡಕ್ಕಾಗದಷ್ಟು ಬಿಸಿ ಇತ್ತು. ಅದನ್ನ ನೆನಪಿಟ್ಕೊಳ್ಳಿ, ಇಸವಿ ಮರೆತ್ರೂ ಪರವಾಗಿಲ್ಲ." ನಾನು ಮುಂದೆ ಚರಿತ್ರೆಯಲ್ಲೇ ಎಂ.ಎ. ಮಾಡಿ, ಅರಸೀಕೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದದ್ದಕ್ಕೆ ಆ ಕಂಬವೇ ಕಾರಣ.

ಅವರು ಮದುವೆಯಾಗಿರಲಿಲ್ಲ. ತಮ್ಮನ ಕೊಬ್ಬರಿ ಮಂಡಿಯ ಮೇಲಿನ ಮನೆಯಲ್ಲಿ, ತಮ್ಮನ ಸಂಸಾರದ ಜೊತೆ ಇದ್ದರು. ಅವರು ಬರೆದದ್ದನ್ನು ಟೈಪ್ ಮಾಡಿಕೊಡಲು ನಾನು ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ಮೆಟ್ಟಿಲ ಬಾಗಿಲಲ್ಲೇ ಕೊಬ್ಬರಿಯ ಸಿಹಿವಾಸನೆ, ಮೇಲೆ ಬಂದರೆ ಕಾಳುಮೆಣಸಿನ ಘಾಟು. ಆ ಮನೆಯಲ್ಲಿ ಮೆಣಸಿನಕಾಯಿ ನಿಂತೇ ಹೋಗಿತ್ತು. ಟೊಮೆಟೊ, ಆಲೂಗಡ್ಡೆಯೂ ಇಲ್ಲ. ಹೊಯ್ಸಳರ ಕಾಲದಲ್ಲಿ ಅವು ಈ ಸೀಮೆಗೆ ಬಂದಿರಲಿಲ್ಲ. ನಾಯಕಿ ತಿನ್ನದ್ದನ್ನು ಬರೆಯುವವಳು ತಿನ್ನಬಾರದು. ಕಾಫಿಯನ್ನೂ ಬಿಟ್ಟಿದ್ದರು.

"ಅತ್ತಿಗೆ, ನಿಮ್ಮ ಕಾದಂಬರಿ ಮುಗಿಯೋ ಹೊತ್ಗೆ ನಮ್ಮೆಲ್ಲರ ನಾಲಿಗೆ ಸತ್ತೋಗಿರುತ್ತೆ," ಎಂದು ತಮ್ಮನ ಹೆಂಡತಿ ನನ್ನ ಎದುರೇ ಹೇಳುತ್ತಿದ್ದರು. ಮಂಡಿಯಿಂದ ಊಟಕ್ಕೆ ಬಂದ ಅವರ ತಮ್ಮ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟು, "ಏನಕ್ಕಾ, ನಿನ್ನ ರಾಜಕುಮಾರ ಎಲ್ಲೀಗಂಟ ಬಂದ?" ಎಂದು ಕೆಣಕುತ್ತಿದ್ದರು.

"ರಾಜಕುಮಾರ ಅಲ್ಲ ಕಣೋ, ಕಂಬ ಕಡೆಯೋನು. ನಿನ್ ಥರ ಗದ್ದಿಗೆ ಮೇಲೆ ಕೂತು ಫ್ಯಾನ್ ಹಾಕ್ಕೊಳ್ಳೋನಲ್ಲ."

"ಹಂಗಾದ್ರೆ ಊಟಕ್ಕೆ ಕರ್ಕೊಂಬಾ. ಈ ಸಾರು ಅವನಿಗೇ ಸರಿ."

ಮಿಸ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಒಮ್ಮೆ ಹಳೇಬೀಡಿನಿಂದ ಬೇಲೂರಿಗೆ ಬರಿಗಾಲಲ್ಲಿ ಹೊರಟು, ಮಾದಿಹಳ್ಳಿ ತಲುಪುವಷ್ಟರಲ್ಲಿ ಪಾದವೆಲ್ಲ ಬೊಬ್ಬೆ ಎದ್ದು, ಹಾಲಿನ ಡೇರಿಯ ಕಟ್ಟೆ ಮೇಲೆ ಕೂತುಬಿಟ್ಟಿದ್ದರು. ನಾನು ಸ್ಕೂಟರಿನಲ್ಲಿ ಹೋಗಿ ಕರೆತಂದೆ. ದಾರಿಯುದ್ದಕ್ಕೂ ಹಿಂದಿನಿಂದ ನನ್ನ ಭುಜ ತಟ್ಟುತ್ತಾ, "ಬೇಲೂರಿನ ಅಧ್ಯಾಯ ತೆಗೆದುಬಿಡೋಣ ಕಣೇ, ಅವಳ ಕೈಲಿ ಆಗಲ್ಲ," ಎಂದರು. ತೆಗೆದೂ ಬಿಟ್ಟರು.

ತೊಡಕಾದದ್ದು ಕೊನೆಯ ಅಧ್ಯಾಯ. ಹುಡುಗಿ ಮತ್ತೆ ಕಲ್ಯಾಣಿಗೆ ಇಳಿದಿದ್ದಾಳೆ. ವಾಪಸು ಅರಸೀಕೆರೆಗೆ ಬರುತ್ತಾಳೋ, ಅವನ ಬಳಿಯೇ ಉಳಿಯುತ್ತಾಳೋ? ಮಳೆಗಾಲವೆಲ್ಲ ಅದರ ಮುಂದೆ ಕೂತರು. ಬರುತ್ತಾಳೆ ಎಂದು ಬರೆದು ಹರಿದರು, ಉಳಿಯುತ್ತಾಳೆ ಎಂದು ಬರೆದೂ ಹರಿದರು. ನಗು ಕಡಿಮೆಯಾಯಿತು. ತಮ್ಮನ ತಮಾಷೆಗೆ ಉತ್ತರ ಕೊಡುವುದನ್ನು ನಿಲ್ಲಿಸಿದರು. ಒಂದು ಭಾನುವಾರ, "ಹೊರಗೆ ಕೂತ್ರೆ ಗೊತ್ತಾಗಲ್ಲ. ನೀರೊಳಗೆ ಇದ್ದಾಗ ಮೈ ಯಾವ ಕಡೆ ಎಳೆಯುತ್ತೆ ನೋಡ್ಬೇಕು. ಹುಲಿಕೆರೆಗೆ ಹೋಗೋಣ ನಡಿ," ಎಂದರು. ಸೊಂಟದ ಮಟ್ಟದ ನೀರಿಗೆ ಇಳಿದು, ಒಂದು ಸಲ ಮುಳುಗಿ ಏಳುವುದು, ಅಷ್ಟೇ ಎಂದಿದ್ದರು. ನಾನು ನಂಬಿದ್ದೆ. ಅವರೂ ಅದನ್ನೇ ನಂಬಿದ್ದರೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮಧ್ಯಾಹ್ನದ ಹೊತ್ತು. ಮಳೆ ನಿಂತು ಕೆಲವು ದಿನವಾಗಿತ್ತು, ಕಲ್ಯಾಣಿಯಲ್ಲಿ ಹಸಿರು ನೀರು ಅರ್ಧ ಮೆಟ್ಟಿಲುಗಳನ್ನು ಮುಚ್ಚಿತ್ತು. ನಮ್ಮನ್ನು ಬಿಟ್ಟರೆ ಮೇಲೆ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಹೆಂಗಸು. ಮಿಸ್ ತಮ್ಮ ತಾಯಿಯ ದಪ್ಪ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ತೆಗೆದು ನನ್ನ ಕೈಗೆ ಕೊಟ್ಟರು: ಕೈಗಡಿಯಾರ, ಸೆರಗಿನ ಪಿನ್ನು, ಕೊನೆಗೆ ಕನ್ನಡಕ.

"ಪಿನ್ನು ಇರಲಿ ಮಿಸ್," ಎಂದೆ.

"ಆ ಕಾಲದಲ್ಲಿ ಪಿನ್ನು ಎಲ್ಲಿತ್ತೇ?"

"ಹಾಗಂದ್ರೆ ರವಿಕೆನೂ ಇರಲಿಲ್ಲ."

"ಅದೊಂದು ಇರಲಿ ಬಿಡು. ರಿಟೈರ್ಡ್ ಟೀಚರ್ ನಾನು, ಪೆನ್ಷನ್ ನಿಲ್ಲಿಸ್ತಾರೆ."

ನಕ್ಕೆವು. ಬಹಳ ದಿನಗಳ ಮೇಲೆ ಅವರು ನಕ್ಕಿದ್ದರು, ಅದರಿಂದ ನನಗೆ ಧೈರ್ಯವೇ ಬಂತು. ಮೇಲಿನಿಂದ ಆ ಹೆಂಗಸು ಕೂಗಿದಳು: "ಏನ್ರವ್ವಾ, ಅಲ್ಲಿ ಇಳೀಬ್ಯಾಡಿ, ಪಾಚಿ ಐತೆ!"

"ಕಾಲು ತೊಳ್ಕೊಂಡು ಬತ್ತೀವಿ ಕಣವ್ವಾ," ಎಂದರು ಮಿಸ್.

ಕನ್ನಡಕವಿಲ್ಲದ ಅವರಿಗೆ ನೀರಿನ ಕೆಳಗೆ ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂಬುದು ಕಾಣುತ್ತಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿದ್ದವರು ಇನ್ನೊಂದು ಹೆಜ್ಜೆ ಇಟ್ಟರು, ಅಷ್ಟೇ. ಸದ್ದೂ ಆಗಲಿಲ್ಲ. ಒಮ್ಮೆ ಮುಳುಗಿ ಏಳುತ್ತೇನೆ ಎಂದಿದ್ದರಲ್ಲ, ಏಳುತ್ತಾರೆ ಎಂದು ನೋಡಿದೆ. ರೇಷ್ಮೆಯ ಸೆರಗು ಮಾತ್ರ ಹರಡಿಕೊಂಡು ಮೇಲೆ ಬಂತು.

ನನಗೆ ಈಜು ಬರುವುದಿಲ್ಲ. ಮೆಟ್ಟಿಲ ಮೇಲೆ ಬೋರಲು ಬಿದ್ದು ಸೆರಗು ಹಿಡಿದು ಎಳೆದೆ. ಬಂತು. ಎಷ್ಟು ಹಗುರವಾಗಿ ಬಂತೆಂದರೆ, ಸಿಕ್ಕರು ಎಂದುಕೊಂಡೆ. ಎಳೆದಷ್ಟೂ ಬಟ್ಟೆಯೇ ಬರುತ್ತಿತ್ತು. ಪಿನ್ನಿಲ್ಲದ ಸೀರೆ ಸುತ್ತು ಸುತ್ತಾಗಿ ಬಿಚ್ಚಿಕೊಂಡು ನನ್ನ ಕೈಗೆ ಬರುತ್ತಿತ್ತು, ಮಿಸ್ ಬರುತ್ತಿರಲಿಲ್ಲ. ಈಗಲೂ ಬಟ್ಟೆ ಒಗೆಯುವಾಗ, ಬಕೆಟ್ಟಿನಿಂದ ಒದ್ದೆ ಸೀರೆ ಎತ್ತಿದರೆ ನನ್ನ ಕೈ ನಿಂತುಬಿಡುತ್ತದೆ.

ನಾನು ಕಿರುಚಿದ್ದು ನನಗೆ ನೆನಪಿಲ್ಲ. ಎಮ್ಮೆಯ ಹೆಂಗಸು ಇಳಿದು ಬಂದದ್ದು ನೆನಪಿದೆ. ಎಮ್ಮೆಯ ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದು, ಇನ್ನೊಂದನ್ನು ನನ್ನ ಕೈಗೆ ತುರುಕಿ, "ಬಿಟ್ಟೀಯಾ, ನಾನೂ ಹೋಯ್ತೀನಿ!" ಎಂದು ಗದರಿ ನೀರಿಗೆ ಧುಮುಕಿದಳು. ಎರಡನೆಯ ಸಲ ಮೇಲೆ ಬಂದಾಗ ಅವಳ ಮುಷ್ಟಿಯಲ್ಲಿ ಮಿಸ್‌ನ ಜಡೆ ಇತ್ತು.

ಮೆಟ್ಟಿಲ ಮೇಲೆ ಮಗ್ಗುಲಾಗಿಸಿ ಬೆನ್ನು ಗುದ್ದಿದಾಗ ಮಿಸ್ ನೀರು ಕಾರಿದರು, ಕೆಮ್ಮಿದರು, ಕಣ್ಣು ಬಿಟ್ಟರು. ಮೊದಲು ಆಡಿದ ಮಾತು, "ಯಾಕೆ ಎಳೆದೆ?"

"ಇನ್ನೇನು, ಮಂಗಳಾರತಿ ಎತ್ತಬೇಕಿತ್ತಾ?" ಎಂದಳು ಆ ಹೆಂಗಸು. "ತಲೆ ನರೆತೈತೆ, ಬುದ್ಧಿ ಬ್ಯಾಡ್ವಾ ತಾಯೀ?" ಬೈಯುತ್ತಲೇ ಮೆಟ್ಟಿಲ ಮೇಲೆ ಎಸೆದಿದ್ದ ತಲೆಯ ಟವಲ್ಲಿನಿಂದ ಅವರ ಮುಖ ಒರೆಸಿ, ತನ್ನ ಮನೆಗೆ ನಡೆಸಿಕೊಂಡು ಹೋಗಿ, ಒಣಗಿದ ಸೀರೆ ಉಡಿಸಿ, ಲೋಟದ ತುಂಬ ಕಾಫಿ ಕೊಟ್ಟಳು. ಮಿಸ್ ಕುಡಿದರು. ಇನ್ನೊಂದು ಲೋಟ ಕೇಳಿ ಕುಡಿದರು.

ಮಿಸ್‌ನ ಮನೆಯವರಿಗೆ, ಕಲ್ಯಾಣಿಯಲ್ಲಿ ಜಾರಿ ಬಿದ್ದರು ಎಂದಷ್ಟೇ ಹೇಳಿದೆವು. ಆ ದಿನದಿಂದ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಪಾಠ ಮಾಡುತ್ತಾ ಬೋರ್ಡಿನ ಮೇಲೆ ಬರೆಯುವಾಗ, ಬಸ್ಸಿನಲ್ಲಿ ಕೂತಾಗ, 'ಯಾಕೆ ಎಳೆದೆ' ಎಂಬ ಆ ಪ್ರಶ್ನೆ ಕೇಳಿಸುತ್ತಿತ್ತು. ಬಿದ್ದವರು ಹಾಗೆ ಕೇಳುತ್ತಾರೆಯೇ? ಕೊನೆಗೆ ಒಂದು ಭಾನುವಾರ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿಬಿಟ್ಟೆ. "ಮಿಸ್, ಅವತ್ತು ನೀವು ಮೇಲೆ ಬರೋದು ಬೇಡ ಅಂದ್ಕೊಂಡಿದ್ರಾ?"

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಇಳಿಯೋವಾಗ ಹಂಗೇನಿರಲಿಲ್ಲ ಕಣೇ, ದೇವರಾಣೆ. ಒಳಗೆ ಹೋದ ಮೇಲೆ ಹೆದರಿಕೇನೇ ಆಗಲಿಲ್ಲ. ಯಾರೋ ಕಾಯ್ತಾ ಇದ್ದಾರೆ ಅನ್ನಿಸ್ತು. ಯಾರು ಕಾಯ್ತಾರೆ ನನ್ನ? ನಾನೇ ಬರೆದ ಆ ಕಂಬ ಕಡೆಯೋನು!" ಕನ್ನಡಕ ಹಾಕಿಕೊಂಡು, "ಅಲ್ಲಿ ಹೆದರಿಕೆ ಆಗಲಿಲ್ಲವಲ್ಲ, ಅದಕ್ಕೇ ಈಗ ಆಗ್ತಿದೆ. ನೀನು ಇನ್ನೊಂದು ಸ್ವಲ್ಪ ಹೊತ್ತು ಕೂತಿರು, ಈಗಲೇ ಹೋಗಬೇಡ," ಎಂದರು.

ದೀಪ ಹಚ್ಚುವವರೆಗೂ ಕೂತಿದ್ದೆ. ಕೆಳಗೆ ಮಂಡಿಯಲ್ಲಿ ಹಮಾಲರು ಮೂಟೆ ಇಳಿಸುವ ಸದ್ದು ಬರುತ್ತಿತ್ತು. ಆ ಮನೆಯಲ್ಲಿ ಅಷ್ಟು ಜನರ ನಡುವೆ, ಅಷ್ಟು ನಗುವಿನ ನಡುವೆ, ಇವರು ಎಷ್ಟು ಒಬ್ಬರೇ ಇದ್ದರೆಂಬುದು ನನಗೆ ತಿಳಿದದ್ದು ಆ ಸಂಜೆ.

ಆಮೇಲೆ ಕಾದಂಬರಿ ಮುಗಿಯಿತು. ಕೊನೆಯ ಅಧ್ಯಾಯವನ್ನು ಅವರು ಬರೆಯಲಿಲ್ಲ, ಕಣ್ಣು ಮುಚ್ಚಿ ಹೇಳಿದರು, ನಾನು ಟೈಪ್ ಮಾಡಿದೆ. ನೀರೊಳಗಿನ ಹುಡುಗಿ ವಾಪಸು ಬರುವುದನ್ನೂ ನಿರ್ಧರಿಸುವುದಿಲ್ಲ, ಉಳಿಯುವುದನ್ನೂ ನಿರ್ಧರಿಸುವುದಿಲ್ಲ. ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದವಳೊಬ್ಬಳು ಇಳಿದು ಬಂದು ಜಡೆ ಹಿಡಿದು ಎಳೆಯುತ್ತಾಳೆ. ಅಲ್ಲಿಗೆ ಮುಗಿಯಿತು.

"ಯಾವ ಕಾಲದ ಎಮ್ಮೆ ಮಿಸ್? ಓದೋರು ಕೇಳ್ತಾರೆ."

"ಎಮ್ಮೆನೇ ಕೇಳ್ಕೊಳ್ಳಲಿ. ಮುಂದೆ ಏನೂ ಬರೀಬೇಡ," ಎಂದರು. ಅವತ್ತು ಮನೆಯಲ್ಲಿ ಮೆಣಸಿನಕಾಯಿ ಹಾಕಿದ ಸಾರು ಮಾಡಿದ್ದರು. ಮಿಸ್ ಮೂಗು ಒರೆಸಿಕೊಳ್ಳುತ್ತಾ ಊಟ ಮಾಡಿದರು.

ಚಳಿಗಾಲ ಮುಗಿಯುವಷ್ಟರಲ್ಲಿ ಅವರು ಹೋದರು. ಬೆಳಿಗ್ಗೆ ಸ್ನಾನ ಮಾಡಿ, ಕೂದಲು ಒಣಗಿಸಿಕೊಳ್ಳುತ್ತಾ ಬಿಸಿಲಿಗೆ ಕೂತವರು ಕೂತಂತೆಯೇ. ಹೃದಯ ಎಂದರು ಡಾಕ್ಟರು. ಹೆದರಿದ್ದರೋ ಇಲ್ಲವೋ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವರ ತಮ್ಮ ಕಾದಂಬರಿಯನ್ನು ಅಚ್ಚು ಹಾಕಿಸುತ್ತಿದ್ದಾರೆ. ಮುಖಪುಟಕ್ಕೆ ಕಲ್ಯಾಣಿಯ ಫೋಟೋ ಹಾಕೋಣ ಎಂದರು. ಕಂಬದ್ದು ಹಾಕಿ ಎಂದೆ.

ತಿಥಿ ಕಳೆದ ಮೇಲೆ ನಾನು ಹುಲಿಕೆರೆಗೆ ಹೋಗಿ ಆ ಹೆಂಗಸಿಗೆ ವಿಷಯ ತಿಳಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನೇ ನೋಡಿ, "ನಿಮಗೂ ಈಜು ಬರಾಕಿಲ್ಲ, ಅಲ್ವಾ? ಅವತ್ತು ಹಗ್ಗ ಹಿಡ್ದಿದ್ದು ನೋಡಿದ್ನಲ್ಲ. ಮುಂದಿನ್ ವಾರ ಚೂಡಿದಾರ ಹಾಕ್ಕೊಂಡ್ ಬನ್ನಿ," ಎಂದಳು.

ಹಾಗೆ ಅವಳ ತೆಂಗಿನ ತೋಟದ ಬಾವಿಯಲ್ಲಿ ಕಲಿಯುತ್ತಿದ್ದೇನೆ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಅವಳು ಮೇಲೆ ನಿಲ್ಲುತ್ತಾಳೆ. ಮೊದಲ ದಿನ ನೀರಿನ ಹತ್ತಿರದ ಮೆಟ್ಟಿಲ ಮೇಲೆ ನಾನು ಹಗ್ಗ ಹಿಡಿದು ನಿಂತಿದ್ದಾಗ ಅವಳು ಕೇಳಿದಳು: "ನೋಡಿ ಮೇಡಮ್ಮಾ, ಆಮ್ಯಾಕೆ ಯಾಕೆ ಎಳೆದೆ ಅಂತ ನನ್ನ ಬೈಯಂಗಿಲ್ಲ. ಎಳೀಬೇಕಾ, ಬ್ಯಾಡ್ವಾ, ಈಗ್ಲೇ ಹೇಳ್ಬುಡಿ."

"ಎಳೀರಿ," ಎಂದೆ. "ನನ್ನ ಕೇಳದೇ ಎಳೀರಿ."