ಕುದುರೆಗೆ ಹೆಣೆದ ಜಡೆ

ಬೆಳಿಗ್ಗೆ ಯಜಮಾನರ ಡಬ್ಬಿಗೆ ನೀರುದೋಸೆ ಮಡಚಿಟ್ಟು, ಗಲ್ಫಿನ ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಮನೆಯಿಂದ ಕುದುರೆ ಲಾಯಕ್ಕೆ ಹೊರಟೆ. ನಮ್ಮ ಮಗಳು ನರ್ಸಿಂಗ್ ಓದಲು ಐರ್ಲೆಂಡಿಗೆ ಹೋದ ಮೇಲೆ ಅವಳ ಹೆಣ್ಣು ಕುದುರೆಯನ್ನು ನೋಡಿಕೊಳ್ಳುವವಳು ನಾನೇ. ಅಂದು ತಳಿ ನೋಂದಣಿಯ ಪರೀಕ್ಷಕಿ ಬರುವವರಿದ್ದರು. “ಒಳ್ಳೆ ತಳಿ ಅಂತ ಕಾಗದ ಸಿಕ್ಕಿದ್ರೆ ಇಟ್ಟುಕೊಳ್ಳುವ, ಇಲ್ಲದಿದ್ರೆ ಯಾರಿಗಾದ್ರೂ ಕೊಟ್ಟುಬಿಡುವ” ಎಂದಿದ್ದರು ಯಜಮಾನರು. ಕುದುರೆ ಇದ್ದರೆ ಮಗಳು ರಜೆಗೆ ಬಂದಾಳೆಂಬ ಆಸೆ ನನಗೆ. ಪರೀಕ್ಷೆಯ ಶುಲ್ಕ, ಗೊರಸು ಕತ್ತರಿಸುವವನ ಕೂಲಿ, ಡಾಕ್ಟರ ಫೀಸು ಎನ್ನುತ್ತ ಕ್ರಿಸ್ಮಸ್ಸಿಗೆ ಊರಿಗೆ ಹೋಗುವ ಟಿಕೆಟ್ಟಿನ ದುಡ್ಡು ಅದಕ್ಕೇ ಹೋಗಿತ್ತು.

ಕಾನ್ವೆಂಟಿಗೆ ಇನ್‌ಸ್ಪೆಕ್ಟರು ಬರುವ ದಿನ ಅಮ್ಮ ನನಗೆ ಮಾಡುತ್ತಿದ್ದಂತೆ, ಕುದುರೆಯ ಕತ್ತಿನ ಕೂದಲಿಗೆ ತೆಂಗಿನೆಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದೆ. ಹೆಣೆಯುವಷ್ಟು ಹೊತ್ತು ಮಗಳೇ ಮುಂದೆ ಕುಳಿತಂತಿತ್ತು. ಗಾಳಿಗೆ ಹಾರಿದ ಮರಳೆಲ್ಲ ಆ ಎಣ್ಣೆಗೆ ಅಂಟಿಕೊಂಡಿತು. ಪರೀಕ್ಷಕಿ ನಕ್ಕು, “ಕೂದಲು ಬಿಚ್ಚಿರಬೇಕು, ತೊಳೆದು ತನ್ನಿ” ಎಂದರು. ತೊಳೆದು ತಂದೆ. ಎತ್ತರ ಅಳೆದು, ನಡೆಸಿ ನೋಡಿ, ಪಾಸು ಮಾಡಿದರು.

ಸಂಜೆ ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯಾಕೆಗೆ ಸಂತೋಷದಿಂದ ಹೇಳಿದೆ. ಅವರು ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತ ಅಂದರು: “ಒಳ್ಳೇದಾಯ್ತು ಮಾರಾಯ್ರೆ. ಕಾಗದ ಉಂಟಲ್ಲ, ಇನ್ನು ಮಾರಿದ್ರೆ ಒಳ್ಳೆ ರೇಟು ಸಿಗ್ತದೆ.”